ದೂರಕ್ಕಿಂತ ಮೊದಲು ದಾರಿ: ಭಾರತದ ಹೊವಿಟ್ಜರ್‌ಗಳಲ್ಲಿ ಯಾವ ನೆಲಕ್ಕೆ ಯಾವುದು

ವಿಜಯಪುರದ ಕೋಟೆಯ ಬುರುಜಿನ ಮೇಲೆ ಮಲಗಿರುವ ಮಲಿಕ್-ಎ-ಮೈದಾನ್ ತೋಪಿನ ತೂಕ ಸುಮಾರು 55 ಟನ್. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಅದನ್ನು ಇಲ್ಲಿಯವರೆಗೆ ಎಳೆದು ತರಲು ನೂರಾರು ಎತ್ತುಗಳೂ ಆನೆಗಳೂ ಬೇಕಾದವು ಎನ್ನುತ್ತಾರೆ. ಬುರುಜು ಏರಿದ ಮೇಲೆ ಅದು ಮತ್ತೆ ಇಳಿಯಲಿಲ್ಲ. ಇಂದು ನಮ್ಮ ಸೇನೆಯಲ್ಲಿರುವ ಕೆ-9 ವಜ್ರ ತೋಪು 47 ಟನ್ ತೂಗುತ್ತದೆ, ಗಂಟೆಗೆ 60 ಕಿ.ಮೀ. ಮೀರಿ ಓಡುತ್ತದೆ. ಆದರೆ ದಾರಿಯಲ್ಲೊಂದು 24 ಟನ್ ವರ್ಗದ ಬೈಲಿ ಸೇತುವೆ (ಉಕ್ಕಿನ ಚೌಕಟ್ಟುಗಳನ್ನು ಜೋಡಿಸಿ ಕಟ್ಟಿದ್ದು) ಎದುರಾದರೆ ಅದರ ಪಾಡೂ ಮಲಿಕ್-ಎ-ಮೈದಾನ್‌ನದ್ದೇ.

ಹೊವಿಟ್ಜರ್ ಬಗ್ಗೆ ಮಾತು ಬಂದಾಗಲೆಲ್ಲ ಎಲ್ಲರೂ ಕೇಳುವುದು ‘ಎಷ್ಟು ದೂರ ಹೊಡೆಯುತ್ತದೆ?’ ಎಂದು. ಫಿರಂಗಿ ದಳದ ಲೆಕ್ಕ ಬೇರೆಯ ಕಡೆಯಿಂದ ಶುರುವಾಗುತ್ತದೆ: ತೋಪು ಅಲ್ಲಿಗೆ ಹೋಗುತ್ತದೆಯೇ, ಹೋದ ಮೇಲೆ ಎದುರಿಗಿರುವ ಗುಡ್ಡವನ್ನು ದಾಟಿಸಿ ಹೊಡೆಯುತ್ತದೆಯೇ, ಹೊಡೆದ ಮೇಲೆ ಅಲ್ಲಿಂದ ಎಷ್ಟು ಬೇಗ ಕಾಲ್ತೆಗೆಯುತ್ತದೆ. ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ದೂರದ ಅಂಕಿಗೆ ಬೆಲೆ. ಭಾರತದ ಬಳಿ ಈಗಿರುವ, ಬರುತ್ತಿರುವ ಹೊವಿಟ್ಜರ್‌ಗಳನ್ನು ಅದೇ ಕ್ರಮದಲ್ಲಿ ಹೋಲಿಸಿ ನೋಡೋಣ.

ಹೊವಿಟ್ಜರ್ ಎಂದರೆ ಯಾವ ತೋಪು

ಹೆಸರು ಹುಟ್ಟಿದ್ದು ಚೆಕ್ ಭಾಷೆಯ ‘ಹೌಫ್ನಿತ್ಸೆ’ ಎಂಬ ಪದದಿಂದ. 15ನೇ ಶತಮಾನದಲ್ಲಿ ಹುಸ್ಸೈಟ್ ಯೋಧರು ಗುಂಪುಗೂಡಿ ಬರುವ ವೈರಿಗಳ ಮೇಲೆ ಹಾರಿಸುತ್ತಿದ್ದ ಗಿಡ್ಡ ತೋಪು ಅದು. ಪಠ್ಯಪುಸ್ತಕದ ವಿಂಗಡಣೆ ಹೀಗಿದೆ: ಉದ್ದ ನಳಿಕೆಯಿಂದ ವೇಗವಾಗಿ, ಚಪ್ಪಟೆ ಪಥದಲ್ಲಿ ಹೊಡೆಯುವುದು ಗನ್, ಗಿಡ್ಡ ನಳಿಕೆಯಿಂದ 45 ಡಿಗ್ರಿಗಿಂತ ಮೇಲಕ್ಕೆ ಎಸೆಯುವುದು ಮಾರ್ಟರ್, ಎರಡರ ನಡುವಿನದು ಹೊವಿಟ್ಜರ್. ಈಗಿನ 155 ಎಂ.ಎಂ. ತೋಪುಗಳು ಈ ಗೆರೆಯನ್ನು ಅಳಿಸಿಬಿಟ್ಟಿವೆ. ನಳಿಕೆ ಗನ್‌ನಷ್ಟೇ ಉದ್ದ, ಆದರೂ 70 ಡಿಗ್ರಿಯವರೆಗೆ ಮೂತಿ ಎತ್ತಬಲ್ಲವು. ಇವುಗಳ ಮುಖ್ಯ ಗುಣ ಇನ್ನೊಂದಿದೆ. ಮದ್ದು ತುಂಡು ತುಂಡಾಗಿ ಬರುತ್ತದೆ. ಎಷ್ಟು ತುಂಡು ತುಂಬುತ್ತೀರೋ ಅಷ್ಟು ವೇಗ. ಹಾಗಾಗಿ ಒಂದೇ ಗುರಿಯನ್ನು ತಗ್ಗು ಪಥದಲ್ಲೂ ಮುಟ್ಟಬಹುದು, ಕಡಿದಾದ ಪಥದಲ್ಲೂ ಮುಟ್ಟಬಹುದು.

‘155/39’, ‘155/52’ ಎಂಬ ಬರಹದಲ್ಲಿ ಮೊದಲನೆಯದು ನಳಿಕೆಯ ಒಳ ಅಗಲ ಮಿಲಿಮೀಟರ್‌ನಲ್ಲಿ; ಎರಡನೆಯದು ಆ ಅಗಲದ ಎಷ್ಟು ಪಟ್ಟು ಉದ್ದ ಎಂಬುದು. 39 ಎಂದರೆ ಸುಮಾರು 6 ಮೀಟರ್, 45 ಎಂದರೆ 7 ಮೀಟರ್, 52 ಎಂದರೆ 8 ಮೀಟರ್. ನಳಿಕೆ ಉದ್ದವಾದಷ್ಟೂ ಅನಿಲ ಗುಂಡನ್ನು ಹೆಚ್ಚು ಹೊತ್ತು ತಳ್ಳುತ್ತದೆ, ಮದ್ದಿನ ಕೋಣೆಯೂ ದೊಡ್ಡದಾಗುತ್ತದೆ. 39ರ ನಳಿಕೆಯಿಂದ ಗುಂಡು ಸೆಕೆಂಡಿಗೆ ಸುಮಾರು 825 ಮೀಟರ್ ವೇಗದಲ್ಲಿ ಹೊರಟರೆ, 52ರಿಂದ 940 ಮೀಟರ್ ಆಸುಪಾಸು. ಬೆಲೆ ತೆರುವುದು ತೂಕದಲ್ಲಿ, ನಳಿಕೆಯ ಸವೆತದಲ್ಲಿ, ಘಾಟಿ ತಿರುವುಗಳಲ್ಲಿ.

| ತೋಪು | ಅಗಲ/ಉದ್ದ | ತೂಕ (ಟನ್) | ದೂರ (ಕಿ.ಮೀ.) | ಚಲನೆ |
|---|---|---|---|---|
| ಲೈಟ್ ಫೀಲ್ಡ್ ಗನ್ | 105/37 | 2.4 | 17 | ಎಳೆಯಬೇಕು |
| ಎಂ777 | 155/39 | 4.2 | 24. ನೆರವಿನ ಗುಂಡಿಗೆ 30 | ಎಳೆಯಬೇಕು, ಹೆಲಿಕಾಪ್ಟರ್‌ನಲ್ಲಿ ತೂಗಿಸಬಹುದು |
| ಬೋಫೋರ್ಸ್ ಎಫ್‌ಎಚ್-77ಬಿ | 155/39 | ಸುಮಾರು 12 | 24. ನೆರವಿನ ಗುಂಡಿಗೆ 30 | ಎಳೆಯಬೇಕು, ಸ್ವಂತ ಪುಟ್ಟ ಎಂಜಿನ್ ಇದೆ |
| ಧನುಷ್ | 155/45 | ಸುಮಾರು 13 | 36–38 | ಅದೇ ಬಗೆ |
| ಅಟ್ಯಾಗ್ಸ್ | 155/52 | ಸುಮಾರು 18 | ಪರೀಕ್ಷೆಯಲ್ಲಿ 48 | ಅದೇ ಬಗೆ |
| ಕೆ-9 ವಜ್ರ | 155/52 | 47 | ಸುಮಾರು 40 | ಟ್ಯಾಂಕಿನಂತೆ ಪಟ್ಟಿಯ ಮೇಲೆ ತಾನೇ ಓಡುತ್ತದೆ |

ಕೊನೆಯ ಮೂರರ ದೂರವೂ ನೆರವಿನ ಗುಂಡಿನದೇ. ‘ನೆರವಿನ ಗುಂಡು’ ಎಂದರೆ ಬೇಸ್ ಬ್ಲೀಡ್ ಇಲ್ಲವೇ ರಾಕೆಟ್ ಜೋಡಿಸಿದ್ದು. ಹಾರುವ ಗುಂಡಿನ ಹಿಂದೆ ಗಾಳಿಯ ಒತ್ತಡ ಕುಸಿದು ಅದನ್ನು ಹಿಂದಕ್ಕೆ ಜಗ್ಗುತ್ತದೆ. ಬೇಸ್ ಬ್ಲೀಡ್‌ನಲ್ಲಿ ತಳದ ಪುಟ್ಟ ಡಬ್ಬಿ ಉರಿದು ಆ ಜಾಗಕ್ಕೆ ಅನಿಲ ತುಂಬುತ್ತದೆ, ಜಗ್ಗಾಟ ಕಡಿಮೆಯಾಗುತ್ತದೆ. ರಾಕೆಟ್ ಮಾದರಿ ಇನ್ನೂ ದೂರ ಹೋಗುತ್ತದೆ, ಆದರೆ ಸ್ಫೋಟಕಕ್ಕೆ ಮೀಸಲಾದ ಜಾಗವನ್ನು ಕಬಳಿಸುತ್ತದೆ. ಉರಿ ಹತ್ತುವ ಕ್ಷಣ ಗುಂಡಿನಿಂದ ಗುಂಡಿಗೆ ಬದಲಾಗಿ ಚದುರುವಿಕೆ ಹೆಚ್ಚುತ್ತದೆ. ಎರಡು ತೋಪುಗಳನ್ನು ಹೋಲಿಸುವಾಗ ಯಾವ ಗುಂಡಿನ ದೂರ ಎಂದು ಕೇಳದಿದ್ದರೆ ಹೋಲಿಕೆಯೇ ಸುಳ್ಳು. ಮಾರುವವರ ಕರಪತ್ರಗಳು ಇದನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುತ್ತವೆ.

ಮೊದಲು ಸೇತುವೆಗಳನ್ನು ಎಣಿಸಿ

ನಕಾಶೆ ಬಿಡಿಸಿ, ರೈಲು ನಿಲ್ದಾಣದಿಂದ ತೋಪಿನ ನೆಲೆಯವರೆಗಿನ ದಾರಿಯಲ್ಲಿ ಅತಿ ದುರ್ಬಲ ಸೇತುವೆ ಯಾವುದು ಎಂದು ಹುಡುಕಿ. ಗಡಿ ರಸ್ತೆಗಳಲ್ಲಿ 70 ಟನ್ ವರ್ಗದ ಸೇತುವೆಗಳು ಹೆಚ್ಚುತ್ತಿವೆ, ನಿಜ. ಆದರೆ ಮುಖ್ಯ ರಸ್ತೆ ಬಿಟ್ಟು ಕಣಿವೆಯೊಳಗೆ ತಿರುಗಿದರೆ ಹಳೆಯ 18, 24 ಟನ್ ವರ್ಗದ ಬೈಲಿಗಳು ಈಗಲೂ ಸಿಗುತ್ತವೆ. ವಜ್ರ ಅಲ್ಲೇ ನಿಂತಿತು. 18 ಟನ್ನಿನ ಅಟ್ಯಾಗ್ಸ್‌ಗೆ ಅದನ್ನು ಎಳೆಯುವ ಆರು ಚಕ್ರದ ಟ್ರಕ್ಕಿನ ತೂಕವನ್ನೂ ಸೇರಿಸಬೇಕು. ಬೋಫೋರ್ಸ್, ಧನುಷ್‌ಗೆ ಸ್ವಂತ ಎಂಜಿನ್ ಇರುವುದರಿಂದ ಟ್ರಕ್ಕನ್ನು ಬಿಚ್ಚಿ ಒಂದೊಂದಾಗಿ ದಾಟಿಸುವ ಉಪಾಯವಿದೆ. ನಿಧಾನ, ಆದರೂ ದಾಟುತ್ತದೆ.

ಸೇತುವೆಯ ನಂತರ ತಿರುವು. 8 ಮೀಟರ್ ನಳಿಕೆಯ ತೋಪನ್ನು ಟ್ರಕ್ಕಿನ ಹಿಂದೆ ಕಟ್ಟಿ ಹೇರ್‌ಪಿನ್ ತಿರುವಿನಲ್ಲಿ ಹತ್ತಿಸುವುದು ನಮ್ಮ ಆಗುಂಬೆ ಘಾಟಿಯಲ್ಲಿ ಉದ್ದನೆಯ ಟ್ರೇಲರ್ ಲಾರಿ ತಿರುಗಿಸುವಷ್ಟೇ ಪ್ರಯಾಸದ ಕೆಲಸ. ಅರುಣಾಚಲದ ಹಲವು ದಾರಿಗಳಲ್ಲಿ ಮಳೆಗಾಲಕ್ಕೊಮ್ಮೆ ರಸ್ತೆಯೇ ಕುಸಿದು ಮಾಯವಾಗುತ್ತದೆ.

ಎಂ777 ಹುಟ್ಟಿರುವುದೇ ಇಂಥಲ್ಲಿಗೆ. ಉಕ್ಕಿನ ಬದಲು ಬಹುಪಾಲು ಟೈಟಾನಿಯಂ ಬಳಸಿ 155 ಎಂ.ಎಂ. ತೋಪನ್ನು 4.2 ಟನ್ನಿಗೆ ಇಳಿಸಿದ್ದಾರೆ. ಚಿನೂಕ್ ಹೆಲಿಕಾಪ್ಟರ್ ಅದನ್ನು ಕೆಳಗೆ ತೂಗಿಸಿಕೊಂಡು ರಸ್ತೆಯಿಲ್ಲದ ದಿಬ್ಬದ ಮೇಲೆ ಇಳಿಸಬಲ್ಲದು. ಭಾರತ 2016ರ ನವೆಂಬರ್‌ನಲ್ಲಿ ಅಮೆರಿಕದ ಜತೆ 145 ತೋಪುಗಳ ಒಪ್ಪಂದ ಮಾಡಿಕೊಂಡಿತು. 25 ಸಿದ್ಧವಾಗಿ ಬಂದವು, ಉಳಿದವನ್ನು ಮಹೀಂದ್ರ ಡಿಫೆನ್ಸ್ ಇಲ್ಲಿಯೇ ಜೋಡಿಸುವ ಏರ್ಪಾಡು.

ಹಗುರತನಕ್ಕೆ ತಕ್ಕ ದಂಡವೂ ಇದೆ. ಗುಂಡಿನ ಒದೆತ ಅಷ್ಟೇ, ತಡೆದುಕೊಳ್ಳುವ ಮೈತೂಕ ಮೂರನೇ ಒಂದು. ಸ್ಪೇಡ್ ಎಂಬ ಹಿಂಬದಿಯ ಗುದ್ದಲಿ ನೆಲಕ್ಕೆ ಸರಿಯಾಗಿ ಕಚ್ಚದಿದ್ದರೆ ತೋಪು ಜಿಗಿದು ಗುರಿ ಕದಲುತ್ತದೆ. ಹೆಪ್ಪುಗಟ್ಟಿದ ನೆಲದಲ್ಲಿ, ಬಂಡೆಯ ಮೇಲೆ ಸ್ಪೇಡ್ ಇಳಿಯುವುದಿಲ್ಲ. ಮೊದಲೇ ಗುಂಡಿ ಒಡೆದು ಮರಳುಚೀಲ ಕಟ್ಟಿಕೊಳ್ಳಬೇಕು. ಸ್ವಂತ ಎಂಜಿನ್ ಇಲ್ಲದ ಕಾರಣ ಹೆಲಿಕಾಪ್ಟರ್ ಇಳಿಸಿ ಹೋದ ಮೇಲೆ ಅದು ಇಳಿದಲ್ಲೇ ಇರುತ್ತದೆ, ಎಳೆಯುವ ವಾಹನ ಬರುವವರೆಗೆ. ಇನ್ನೊಂದು ಮಾತು: ತೋಪನ್ನು ಎತ್ತಿದರೆ ಕೆಲಸ ಮುಗಿಯಲಿಲ್ಲ, ಗುಂಡುಗಳನ್ನೂ ಎತ್ತಬೇಕು. ಒಂದು ಗುಂಡು 45 ಕೆ.ಜಿ. ಆಸುಪಾಸು. 4,000 ಮೀಟರ್ ಎತ್ತರದಲ್ಲಿ ಹೆಲಿಕಾಪ್ಟರ್ ಹೊರುವ ಶಕ್ತಿಯೂ ಕುಗ್ಗಿರುತ್ತದೆ.

ಗುಡ್ಡದ ಬೆನ್ನಿಗೆ ಹೊಡೆಯುವುದು

ಬಯಲಿನಲ್ಲಿ ಎತ್ತರದ ಕೋನ ಅಪರೂಪಕ್ಕೆ ಬೇಕಾಗುತ್ತದೆ. ಪರ್ವತದಲ್ಲಿ ವೈರಿಯ ಮಾರ್ಟರ್‌ಗಳು, ಸಾಮಾನು ದಾಸ್ತಾನು ಇರುವುದು ಗುಡ್ಡದ ಆಚೆ ಮಗ್ಗುಲಲ್ಲಿ. ತಗ್ಗು ಪಥದ ಗುಂಡು ನೆತ್ತಿಗೆ ತಾಗುತ್ತದೆ, ಇಲ್ಲವೇ ನೆತ್ತಿ ದಾಟಿ ಕಣಿವೆಯಾಚೆ ಬೀಳುತ್ತದೆ. ರಷ್ಯಾದ 130 ಎಂ.ಎಂ. ಎಂ-46 ಗನ್ 27 ಕಿ.ಮೀ. ಹೊಡೆಯುತ್ತಿತ್ತು, ಆದರೆ 45 ಡಿಗ್ರಿಗಿಂತ ಮೇಲೇಳುತ್ತಿರಲಿಲ್ಲ. 70 ಡಿಗ್ರಿ ಏಳುವ ಬೋಫೋರ್ಸ್ 1999ರ ಕಾರ್ಗಿಲ್‌ನಲ್ಲಿ ಹೆಸರು ಮಾಡಿದ್ದಕ್ಕೆ ಇದೊಂದು ಕಾರಣ.

ಕಾರ್ಗಿಲ್‌ನಲ್ಲಿ ಬೋಫೋರ್ಸ್ ಎರಡೂ ಬಗೆಯಲ್ಲಿ ದುಡಿಯಿತು. ದ್ರಾಸ್ ಬಳಿ ಹೆದ್ದಾರಿಯ ಪಕ್ಕದಲ್ಲೇ ನಿಂತು, ತೋಲೋಲಿಂಗ್‌ನಂಥ ಶಿಖರಗಳ ಬಂಕರ್‌ಗಳನ್ನು ಕಣ್ಣಿಗೆ ಕಾಣುವಂತೆಯೇ ನೇರವಾಗಿ ಗುರಿಯಿಟ್ಟು ಹೊಡೆದದ್ದೂ ಉಂಟು. ಮೂರು ಗುಂಡುಗಳನ್ನು ಹದಿನೈದು ಸೆಕೆಂಡಿನೊಳಗೆ ಹಾರಿಸುವ ಅದರ ಯಂತ್ರ ಇಲ್ಲಿ ಬೆಲೆಬಾಳಿತು. ಮೊದಲ ಗುಂಡಿಗೆ ಎದುರಾಳಿ ಬಯಲಲ್ಲಿರುತ್ತಾನೆ, ನಾಲ್ಕನೆಯದಕ್ಕೆ ಬಂಕರ್ ಸೇರಿರುತ್ತಾನೆ. 105 ಎಂ.ಎಂ. ಗುಂಡು ಸುಮಾರು 16 ಕೆ.ಜಿ.; ಕಲ್ಲು ಪೇರಿಸಿ ಕಟ್ಟಿದ ಬಂಕರ್ ಅದಕ್ಕೆ ಜಗ್ಗುವುದು ಕಷ್ಟ. 155ರ ಪೆಟ್ಟಿಗೆ ಚಾವಣಿ ಕುಸಿಯುತ್ತದೆ.

ಎತ್ತರದಲ್ಲಿ ದೂರವೂ ತಾನಾಗಿಯೇ ಹೆಚ್ಚುತ್ತದೆ. 4,500 ಮೀಟರ್‌ನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮೂರನೇ ಎರಡರಷ್ಟೂ ಇರುವುದಿಲ್ಲ. ಹಾಗಾಗಿ ಪರ್ವತಕ್ಕೆ ತೋಪು ಆರಿಸುವಾಗ 39 ಮತ್ತು 52ರ ನಡುವಿನ ದೂರದ ಅಂತರವನ್ನು ಬಯಲಿನಲ್ಲಿ ನೋಡುವಷ್ಟು ತಲೆಗೆ ಹಚ್ಚಿಕೊಳ್ಳಬೇಕಿಲ್ಲ.

ಕಡಿದಾದ ಪಥಕ್ಕೂ ಕೊರತೆಗಳಿವೆ. ಗುಂಡು ಹೆಚ್ಚು ಹೊತ್ತು ಆಕಾಶದಲ್ಲಿರುತ್ತದೆ, ಹಲವು ಪದರಗಳ ಗಾಳಿ ಅದನ್ನು ತಳ್ಳುತ್ತದೆ, ವೈರಿಯ ರೇಡಾರಿಗೆ ಚೆನ್ನಾಗಿ ಕಾಣುತ್ತದೆ.

ಹೊಡೆದ ಮೇಲೆ ಎಷ್ಟು ನಿಮಿಷ ನಿಲ್ಲಬಹುದು

ಈ ಪ್ರಶ್ನೆಗೆ ನಮ್ಮ ಬೆಂಗಳೂರಿನ ನಂಟಿದೆ. ಡಿಆರ್‌ಡಿಒದ ಎಲ್‌ಆರ್‌ಡಿಇ ಪ್ರಯೋಗಾಲಯ ವಿನ್ಯಾಸ ಮಾಡಿ, ಬಿಇಎಲ್ ತಯಾರಿಸುವ ‘ಸ್ವಾತಿ’ ರೇಡಾರ್ ಹಾರುತ್ತಿರುವ ಗುಂಡನ್ನು ಹಿಡಿದು, ಅದರ ಪಥವನ್ನು ಹಿಂದಕ್ಕೆ ಲೆಕ್ಕಹಾಕಿ ತೋಪು ಎಲ್ಲಿದೆ ಎಂದು ಹೇಳುತ್ತದೆ. ಫಿರಂಗಿ ಗುಂಡುಗಳಿಗೆ ಅದರ ವ್ಯಾಪ್ತಿ ಸುಮಾರು 30 ಕಿ.ಮೀ. ಇಂಥದ್ದು ಎದುರು ಪಕ್ಷದ ಬಳಿಯೂ ಇದೆ. ಗುಂಡು ಏರುತ್ತಿದ್ದಂತೆ ರೇಡಾರ್ ಕಂಡಿತು, ಅವರ ಬ್ಯಾಟರಿ (ತೋಪುಗಳ ತಂಡ) ಗುರಿ ಹೊಂದಿಸಲು ಒಂದೆರಡು ನಿಮಿಷ, ಅವರ ಗುಂಡು ಬರಲು ಇನ್ನೊಂದು ನಿಮಿಷ. ಅಂದರೆ ಮೊದಲ ಗುಂಡಿನಿಂದ ಮೂರು-ನಾಲ್ಕು ನಿಮಿಷದೊಳಗೆ ಜಾಗ ಖಾಲಿಯಾಗಬೇಕು.

ವಜ್ರ ಇಲ್ಲಿ ಎಲ್ಲರಿಗಿಂತ ಮುಂದೆ. ಐವರು ಸಿಬ್ಬಂದಿ ಕವಚದೊಳಗೇ ಕೂತಿರುತ್ತಾರೆ. ಓಡುತ್ತಿದ್ದದ್ದು ನಿಂತು ಸುಮಾರು ಒಂದು ನಿಮಿಷದಲ್ಲಿ ಮೊದಲ ಗುಂಡು; 15 ಸೆಕೆಂಡಿನಲ್ಲಿ ಮೂರು; ನೆಲಕ್ಕೆ ಸ್ಪೇಡ್ ಇಳಿಸುವ ಗೋಜಿಲ್ಲ, ಹಾಗೇ ಓಟ. ಒಳಗೆ 48 ಗುಂಡುಗಳ ದಾಸ್ತಾನು. ಎಂ777ರ ನುರಿತ ತಂಡಕ್ಕೆ ಹೂಡಲು ಮೂರು ನಿಮಿಷ, ಕೀಳಲು ಎರಡು ನಿಮಿಷ, ಅದೂ ಒಳ್ಳೆಯ ನೆಲದಲ್ಲಿ. ಬೋಫೋರ್ಸ್, ಧನುಷ್, ಅಟ್ಯಾಗ್ಸ್ ತಮ್ಮ ಎಂಜಿನ್‌ನಿಂದ ಕಾಲು ಮಡಚಿ ಪಕ್ಕದ ನೆಲೆಗೆ ತಾವೇ ಸರಿಯಬಲ್ಲವು, ಆದರೆ ಸಿಬ್ಬಂದಿ ಬಯಲಲ್ಲೇ. ಉಕ್ರೇನಿನಲ್ಲಿ ಎಳೆಯುವ ತೋಪುಗಳನ್ನು ಲ್ಯಾನ್ಸೆಟ್‌ನಂಥ ಡ್ರೋನ್‌ಗಳು ಬೇಟೆಯಾಡಿದ್ದನ್ನು ನೋಡಿದ ಮೇಲೆ, ಬಲೆ ಹೊದೆಸಿ ಗುಂಡಿಯೊಳಗೆ ಮುಚ್ಚಿಡುವ ಹಳೆಯ ಕಲೆಗೆ ಮತ್ತೆ ಬೆಲೆ ಬಂದಿದೆ. ಅಲ್ಲಿ ಹಗುರವಾದ ತೋಪಿಗೆ ಒಂದು ಲಾಭವೂ ಇದೆ: ಮರಗಳ ಸಣ್ಣ ಗುಂಪಿನೊಳಗೂ ಅಡಗುತ್ತದೆ.

ಏನು ಕೆಡುತ್ತದೆ, ಯಾಕೆ

ನಳಿಕೆ ಒಡೆಯುವುದು ಎಲ್ಲರಿಗೂ ಭಯದ ಸಂಗತಿ. 2017ರ ಸೆಪ್ಟೆಂಬರ್‌ನಲ್ಲಿ ಪೋಖರಣ್‌ನಲ್ಲಿ ಎಂ777ರ ನಳಿಕೆ ಪರೀಕ್ಷೆಯ ವೇಳೆ ಹಾನಿಗೊಂಡಿತು. 2020ರ ಸೆಪ್ಟೆಂಬರ್‌ನಲ್ಲಿ ಅಲ್ಲಿಯೇ ಅಟ್ಯಾಗ್ಸ್‌ನದು ಒಡೆಯಿತು. ಧನುಷ್‌ನ 2017ರ ಪರೀಕ್ಷೆಗಳಲ್ಲಿ ಗುಂಡು ಹೊರಬೀಳುವಾಗ ಮೂತಿಯ ಬ್ರೇಕಿಗೆ (ಒದೆತ ತಗ್ಗಿಸುವ ಭಾಗ) ತಾಗಿತ್ತು. ಸಾಮಾನ್ಯವಾಗಿ ಇಂಥ ಅವಘಡಗಳಿಗೆ ಕಾರಣಗಳು ಕೆಲವೇ. ಗುಂಡಿನೊಳಗಿನ ಸ್ಫೋಟಕದಲ್ಲಿ ಎರಕದ ಟೊಳ್ಳು ಉಳಿದರೆ, ಹಾರುವ ಹೊಡೆತಕ್ಕೆ ಅದು ಕುಸಿದು ಬಿಸಿಯಾಗಿ ನಳಿಕೆಯೊಳಗೇ ಸಿಡಿಯಬಹುದು. ಗುಂಡನ್ನು ಸಿಡಿಸುವ ಫ್ಯೂಸಿನ ದೋಷ. ನಳಿಕೆಯಲ್ಲಿ ಉಳಿದ ಮರಳು, ಬಟ್ಟೆ. ಗುಂಡನ್ನು ಪೂರ್ತಿ ದಬ್ಬದೆ ಬಿಟ್ಟರೆ, ಮೂತಿ ಎತ್ತಿದಾಗ ಅದು ಜಾರಿ ಮದ್ದಿನ ಮೇಲೆ ಕೂರುತ್ತದೆ. 70 ಡಿಗ್ರಿಯಲ್ಲಿ ಇದರ ಅಪಾಯ ಹೆಚ್ಚು. ಬಿಸಿಯೇರಿದ ಕೋಣೆಯಲ್ಲಿ ಮದ್ದು ತುಂಬಿ ಸುಮ್ಮನೆ ಬಿಟ್ಟರೂ ತಾನಾಗಿ ಹತ್ತಿಕೊಳ್ಳಬಹುದು.

ಮದ್ದಿನ ಲೆಕ್ಕ ಇನ್ನೊಂದು ಎಡವುವ ಜಾಗ. ಈಗಿನ ಮದ್ದು ಡಬ್ಬಿಗಳಂತೆ ಒಂದರ ಹಿಂದೊಂದು ಸೇರಿಸುವ ಮಾಡ್ಯೂಲ್‌ಗಳಲ್ಲಿ ಬರುತ್ತದೆ. ಭಾರತದಲ್ಲಿ ಬಿಹಾರದ ನಳಂದ ಕಾರ್ಖಾನೆ ಇವನ್ನು ಮಾಡುತ್ತದೆ. ಸಾಮಾನ್ಯವಾಗಿ 52ರ ತೋಪಿಗೆ ಆರು ಸಲ್ಲುತ್ತವೆ, 39ಕ್ಕೆ ಐದೇ ಮಿತಿ. ಎರಡೂ ಬಗೆಯ ತೋಪುಗಳಿಗೆ ಒಂದೇ ದಾಸ್ತಾನಿನಿಂದ ಮದ್ದು ಹಂಚುವಾಗ ಈ ಎಣಿಕೆ ತಪ್ಪಬಾರದು.

ಗುರಿ ತಪ್ಪುವುದಕ್ಕೆ ಹೆಚ್ಚಿನ ಸಲ ತೋಪು ಕಾರಣವಲ್ಲ. ಮದ್ದಿನ ಲೆಕ್ಕಪಟ್ಟಿ 21 ಡಿಗ್ರಿ ಸೆಲ್ಸಿಯಸ್ ಆಧಾರದಲ್ಲಿರುತ್ತದೆ. ಜೈಸಲ್ಮೇರಿನ ಬಿಸಿಲಲ್ಲಿ ಬೆಂದ ಮದ್ದು ವೇಗ ಹೆಚ್ಚಿಸುತ್ತದೆ, ಲಡಾಖಿನ ಚಳಿಯಲ್ಲಿ ನೆನೆದದ್ದು ತಗ್ಗಿಸುತ್ತದೆ. ದೂರದ ಹೊಡೆತದಲ್ಲಿ ಸೆಕೆಂಡಿಗೆ ಒಂದೇ ಮೀಟರ್ ವ್ಯತ್ಯಾಸವಾದರೂ ಗುಂಡು 20–30 ಮೀಟರ್ ಹಿಂದೆ-ಮುಂದೆ ಬೀಳುತ್ತದೆ. ಹಾಗಾಗಿ ಮೂತಿಯ ವೇಗ ಅಳೆಯುವ ಪುಟ್ಟ ರೇಡಾರ್ ತೋಪಿನ ಮೇಲೆಯೇ ಇದೆಯೇ ಎಂದು ನೋಡುವುದು, ಇನ್ನೆರಡು ಕಿ.ಮೀ. ದೂರ ಸಿಗುತ್ತದೆಯೇ ಎಂದು ನೋಡುವುದಕ್ಕಿಂತ ಜಾಣತನ. ಮದ್ದನ್ನು ನೆರಳಿನಲ್ಲಿಡಿ, ಒಂದೇ ಲಾಟಿನದನ್ನು (ಒಮ್ಮೆಗೇ ತಯಾರಾದದ್ದನ್ನು) ಒಟ್ಟಿಗೆ ಬಳಸಿ ಎಂಬುದು ಯಾವ ತೋಪಿಗೂ ಅನ್ವಯ.

ಹೈಡ್ರಾಲಿಕ್ ತೋಪುಗಳಲ್ಲಿ ಚಳಿಗೆ ಎಣ್ಣೆ ದಪ್ಪಗಾಗುತ್ತದೆ, ಸೀಲುಗಳು ಸೋರುತ್ತವೆ. ಅಟ್ಯಾಗ್ಸ್ ಪೂರ್ತಿ ವಿದ್ಯುತ್ ಮೋಟಾರುಗಳಿಂದ ನಡೆಯುವಂತೆ ರೂಪಿಸಿರುವುದಕ್ಕೆ ಇದೊಂದು ಕಾರಣ. ಬಿಡಿಭಾಗದ ಪಾಠವನ್ನಂತೂ ಬೋಫೋರ್ಸ್ ಕಲಿಸಿದೆ. 1986ರಲ್ಲಿ 410 ತೋಪುಗಳಿಗೆ 1,437 ಕೋಟಿ ರೂಪಾಯಿಯ ಒಪ್ಪಂದವಾಯಿತು; ಮರುವರ್ಷ ಲಂಚದ ಹಗರಣ ಸಿಡಿದ ಮೇಲೆ ಕಂಪನಿಯ ಜತೆಗಿನ ವ್ಯವಹಾರವೇ ಸ್ಥಗಿತಗೊಂಡು, ಒಂದು ತೋಪು ಬಿಚ್ಚಿ ಇನ್ನೊಂದನ್ನು ನಡೆಸುವ ಸ್ಥಿತಿ ಬಂತು. ಆಗ ಬಂದಿದ್ದ ವಿನ್ಯಾಸದ ನಕ್ಷೆಗಳು ದಶಕಗಳ ಕಾಲ ಮೂಲೆಯಲ್ಲಿದ್ದು, ಕೊನೆಗೆ ಜಬಲ್ಪುರದಲ್ಲಿ ಅವುಗಳ ಆಧಾರದ ಮೇಲೆ ಧನುಷ್ ಹುಟ್ಟಿತು. 114ಕ್ಕೆ ಬೇಡಿಕೆ, ಮೊದಲ ಆರು 2019ರ ಏಪ್ರಿಲ್‌ನಲ್ಲಿ ಹಸ್ತಾಂತರ.

ನೆಲಕ್ಕೆ ತಕ್ಕ ಆಯ್ಕೆ

ರಾಜಸ್ಥಾನದ ಮರಳು, ಟ್ಯಾಂಕ್ ದಳದ ಜತೆ ಓಟ: ವಜ್ರ, ಬೇರೆ ಮಾತಿಲ್ಲ. ಎಳೆಯುವ ತೋಪು ಟ್ಯಾಂಕುಗಳ ಹಿಂದೆ ಮರಳಿನಲ್ಲಿ ಉಳಿದುಬಿಡುತ್ತದೆ. ಗುಜರಾತಿನ ಹಜೀರಾದಲ್ಲಿ ಎಲ್ ಅಂಡ್ ಟಿ ಮಾಡಿಕೊಟ್ಟ ಮೊದಲ ನೂರು 2021ರ ಹೊತ್ತಿಗೆ ಬಂದವು. ಇನ್ನೂ ನೂರಕ್ಕೆ 2024ರ ಡಿಸೆಂಬರ್‌ನಲ್ಲಿ 7,600 ಕೋಟಿಗೂ ಹೆಚ್ಚಿನ ಒಪ್ಪಂದವಾಯಿತು. ಮರಳಿಗೆಂದು ಕೊಂಡದ್ದು ಪೂರ್ವ ಲಡಾಖಿನ ಎತ್ತರದ ಬಯಲಿಗೂ ಹೋಯಿತು. ಅಲ್ಲಿ ನೆಲ ಸಮತಟ್ಟು, ಹಾಗಾಗಿ ಸಲ್ಲುತ್ತದೆ; ಚಳಿಗೆ ಎಣ್ಣೆ, ಬ್ಯಾಟರಿಗಳ ವಿಶೇಷ ಕಿಟ್ ಬೇಕು, ತೆಳು ಗಾಳಿಗೆ ಎಂಜಿನ್‌ ಬಲ ಕುಗ್ಗುತ್ತದೆ.

ಪಂಜಾಬಿನ ಬಯಲು, ಒಳ್ಳೆಯ ರಸ್ತೆ, ಗಟ್ಟಿ ಸೇತುವೆ: ಅಟ್ಯಾಗ್ಸ್. 2025ರ ಮಾರ್ಚ್‌ನಲ್ಲಿ ಭಾರತ್ ಫೋರ್ಜ್ ಮತ್ತು ಟಾಟಾ ಜತೆ 307 ತೋಪುಗಳಿಗೆ, ಎಳೆಯುವ ವಾಹನ ಸೇರಿ, ಸುಮಾರು 6,900 ಕೋಟಿಯ ಒಪ್ಪಂದವಾಗಿದೆ. ಒಂದಕ್ಕೆ 22 ಕೋಟಿ ಚಿಲ್ಲರೆ. ಅದೇ ನಳಿಕೆಯ ಉದ್ದದ ಹೊಸ ವಜ್ರಕ್ಕೆ 76 ಕೋಟಿ. ಕವಚಕ್ಕೂ ಓಟಕ್ಕೂ ತೆರುವ ಬೆಲೆ ಅದು. ಅಟ್ಯಾಗ್ಸ್‌ನ 25 ಲೀಟರ್ ಮದ್ದಿನ ಕೋಣೆ ಉಳಿದ 52ರ ತೋಪುಗಳ 23 ಲೀಟರ್‌ಗಿಂತ ದೊಡ್ಡದು. 48 ಕಿ.ಮೀ. ಬಂದದ್ದು ಹಾಗೆ, ತೂಕ 18 ಟನ್ ಆದದ್ದೂ ಸ್ವಲ್ಪ ಹಾಗೆಯೇ.

ದ್ರಾಸ್, ಕಾರ್ಗಿಲ್‌ನಂತೆ ಕಣಿವೆಯುದ್ದಕ್ಕೂ ಹೆದ್ದಾರಿ ಇರುವಲ್ಲಿ ಬೋಫೋರ್ಸ್ ಅಥವಾ ಧನುಷ್. ಅಗ್ಗದ ದಾರಿ ಬೇಕಿದ್ದರೆ ಶಾರಂಗ್: ಹಳೆಯ ಎಂ-46ರ ಗಾಡಿಗೆ 155/45 ನಳಿಕೆ ಕೂರಿಸಿದ್ದು, ದೂರ 27ರಿಂದ 36 ಕಿ.ಮೀ. ಮೀರಿತು, 300 ಗನ್‌ಗಳ ಯೋಜನೆ. ಅದರ ದೊಡ್ಡ ಲಾಭ ದೂರವಲ್ಲ, 130ರ ಪ್ರತ್ಯೇಕ ಗುಂಡಿನ ಸರಬರಾಜು ತಪ್ಪುವುದು.

ತವಾಂಗ್ ಕಡೆಯ ಇಕ್ಕಟ್ಟು ದಾರಿಗೆ ಎಂ777. ಅದೂ ಸಾಕಷ್ಟಿಲ್ಲದ ಕಡೆ, ಚಿನೂಕ್ ಸಿಗದ ದಿನಗಳಲ್ಲಿ, 2.4 ಟನ್ನಿನ ಲೈಟ್ ಫೀಲ್ಡ್ ಗನ್ ಈಗಲೂ ಬೇಕು. ಪೆಟ್ಟು ಕಡಿಮೆ, ದೂರ ಕಡಿಮೆ, ಆದರೆ ಅಲ್ಲಿರುತ್ತದೆ.

ಯಾವುದನ್ನೇ ಆರಿಸಿದರೂ ಗುಂಡಿನ ಲಾರಿಗಳನ್ನು ಲೆಕ್ಕಕ್ಕೆ ಹಿಡಿಯಿರಿ. ಒಂದು ರೆಜಿಮೆಂಟಿಗೆ 18 ತೋಪು. ನಿಮಿಷಕ್ಕೆ ನಾಲ್ಕರಂತೆ ಐದು ನಿಮಿಷ ಹೊಡೆದರೆ 360 ಗುಂಡು, ಬರೀ ಗುಂಡಿನ ತೂಕವೇ 16 ಟನ್. ಐದು ಟನ್ನಿನ ಲಾರಿ ನಾಲ್ಕು. ಮದ್ದು, ಫ್ಯೂಸು, ಪೆಟ್ಟಿಗೆ ಬೇರೆ. 52ರ ಪೂರ್ತಿ ಮದ್ದಿನಲ್ಲಿ ಹೀಗೆ ದಿನವಿಡೀ ಹೊಡೆದರೆ ನಳಿಕೆಯೂ ಬೇಗ ಸವೆಯುತ್ತದೆ; ಕಡಿಮೆ ಮದ್ದಿನ ಹೊಡೆತಗಳನ್ನು ಪೂರ್ಣ ಹೊಡೆತದ ಒಂದು ಭಾಗವೆಂದು ನಳಿಕೆಯ ಪುಸ್ತಕದಲ್ಲಿ ಬರೆದಿಡುವುದು ಅದಕ್ಕೇ. ಇಲ್ಲಿ ತೂಗದೆ ಬಿಟ್ಟ ಇನ್ನೊಂದು ಬಗೆ ಟ್ರಕ್ಕಿನ ಬೆನ್ನ ಮೇಲೆ ತೋಪು ಕೂರಿಸಿದ್ದು. ಫ್ರಾನ್ಸಿನ ಸೀಸರ್ ಹಾಗೆ, ಸುಮಾರು 18 ಟನ್, 52ರ ನಳಿಕೆ. ವಜ್ರಕ್ಕೆ ಸೇತುವೆ ಸಾಲದ, ಅಟ್ಯಾಗ್ಸ್‌ಗೆ ಕಾಲ್ತೆಗೆಯಲು ಹೊತ್ತು ಸಾಲದ ರಸ್ತೆಗಳಿಗೆ ಭಾರತ ಹುಡುಕುತ್ತಿರುವುದು ಅಂಥದ್ದನ್ನೇ.